ಬಾಯಿಗೆ ಹಿಡಿದ ರೊಟ್ಟಿ

"ಏ ಕಲ್ಲವ್ವ, ಆ ಪಾತೇಲಿ ಮುಟ್ಟಬ್ಯಾಡಬೇ! ದೊಡ್ಡ ಮಂದಿ ಊಟ ಅದು. ನಿನ್ನ ರೊಟ್ಟಿ ಬುಟ್ಟಿ ವೇದಿಕಿ ಮ್ಯಾಲ ಇಡು, ಹೂವಿನ ಬಾಜೂಕ."

ಸಾಲ ಮಂಜೂರಾತಿಯ ಸಮಾರಂಭದಲ್ಲಿ ಪತ್ತಿನ ಸಂಘದ ಅಧ್ಯಕ್ಷ ನಿಜಲಿಂಗಪ್ಪ ಅಷ್ಟು ಜನರೆದುರು ಹಾಗಂದಾಗ ಕಲ್ಲವ್ವನಿಗೆ ಮೈಯೆಲ್ಲ ಉರಿಯಿತು. ಅವಳೇನೂ ಮುಟ್ಟಿರಲಿಲ್ಲ. ಬಿಸಿಲಿಗಿದೆಯಲ್ಲ, ನೆರಳಿಗೆ ಸರಿಸೋಣವೆಂದು ಬಗ್ಗಿದ್ದಳಷ್ಟೆ.

"ಸುಮ್ಕಿರಬೇ ಯಕ್ಕಾ," ಜೊತೆಗೆ ರೊಟ್ಟಿ ಬಡಿಯುವ ಅಂಬಾ ಸೆರಗು ಜಗ್ಗಿದಳು. "ಸಾಲ ಮಂಜೂರಾಗ್ಲಿ, ಆಮ್ಯಾಲ ಬೈಯೂಣಂತ ಆ ಹಾಟ್ಯಾನ ಮಗಗ."

ಪುಣೆ ಹತ್ತಿರದ ಕುರಕುಂಭದ ಕಾರ್ಖಾನೆಗಳ ಹಿಂದಿನ ವಸ್ತಿಯಲ್ಲಿ, ಇಂಡಿ ಕಡೆಯಿಂದ ಕೂಲಿಗೆ ಬಂದ ಹೊಲೇರ ಹೆಂಗಸರು ಕೂಡಿ ಖಡಕ್ ರೊಟ್ಟಿ ಬಡಿಯುತ್ತಿದ್ದರು. ಅದು ಮಾರಾಟವಾಗುತ್ತಿದ್ದುದು ಪುಣೆಯಲ್ಲಿ, ಧನಕವಡಿಯ ನಿಜಲಿಂಗಪ್ಪನ ಅಂಗಡಿಯಲ್ಲೇ. ಪ್ಯಾಕೆಟಿನ ಮೇಲೆ ಅವನ ಹೆಂಡತಿಯ ನಗುಮುಖ! ಬಡಿಯುವವರಿಗೆ ಮಾತ್ರ ನೆಟ್ಟಗೊಂದು ಸೂರಿಲ್ಲ. ಇದ್ದ ತಗಡಿನ ಶೆಡ್ಡನ್ನೂ ಅಮಾವಾಸ್ಯೆಯೊಳಗೆ ಬಿಡಿ ಎಂದು ಮಾಲಕ ಹೇಳಿಬಿಟ್ಟಿದ್ದ. ಈ ಸಾಲ ಸಿಕ್ಕರೆ ತಮ್ಮದೇ ಶೆಡ್ಡು, ಇಲ್ಲದಿದ್ದರೆ ಮತ್ತೆ ಕಾರ್ಖಾನೆಯ ಗಟಾರ ಬಳಿಯುವ ಕೆಲಸ.

ಫೋಟೋ ತೆಗೆಯಲು ಬಂದಿದ್ದ ಸ್ವಪ್ನಿಲ್ ಮರಾಠಿಯಲ್ಲಿ ಕೂಗಿದ. ಈ ಹೆಣ್ಮಗಳ ಕೈಯಿಂದ ಅಧ್ಯಕ್ಷ ಸಾಹೇಬರಿಗೆ ಒಂದು ತುತ್ತು ತಿನ್ನಿಸಲಿ, ಪೇಪರಿಗೆ ಚಲೋ ಬರುತ್ತದೆ ಅಂದ.

ಕಲ್ಲವ್ವ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ ಹಿಡಿದಳು. ನಿಜಲಿಂಗಪ್ಪ ಬಾಯಿ ತೆರೆದ. ಫ್ಲ್ಯಾಶ್ ಮಿಂಚುವ ತನಕ ತೆರೆದೇ ಇದ್ದ. ಆಮೇಲೆ ತುತ್ತನ್ನು ಕರವಸ್ತ್ರದಲ್ಲಿ ಇಸಿದುಕೊಂಡು ಮೇಜಿನ ಕೆಳಗೆ ಹಾಕಿದ. ಏನೂ ತಾಗದಿದ್ದ ತುಟಿಯನ್ನೂ ಒರೆಸಿಕೊಂಡ.

ಸ್ವಪ್ನಿಲ್ ಇನ್ನೊಂದು ಫೋಟೋ ಕೇಳಿದ. ಕಲ್ಲವ್ವ ಇನ್ನೊಂದು ತುತ್ತು ಮುರಿದಳು.

"ಈ ಸಲ ನುಂಗ್ರಿ, ಸಾವ್ಕಾರ್ರ."

"ಇವತ್ತ ನಂದು ಉಪಾಸ ಅದಬೇ."

"ಈಗರ ಚಾದಾಗ ಖಾರಿ ಬಿಸ್ಕೀಟ ಅದ್ದಿ ತಿಂದ್ರಲ್ಲ," ಕೆಳಗಿನಿಂದ ಅಂಬಾ ಅಂದಳು. ಹೆಂಗಸರು ಕಿಸಕ್ಕನೆ ನಕ್ಕರು.

ನಿಜಲಿಂಗಪ್ಪನ ದನಿ ಕೆಳಗಿಳಿಯಿತು. "ಸೊಕ್ಕು ಬಂತೇನಲೇ ಹೊಲೇರವ್ವ? ಮಂಜೂರಾತಿ ಕಾಗದಾ ಇನ್ನಾ ನನ್ನ ಕಿಸೇದಾಗ ಅದ."

"ಇರ್ಲಿ ಬಿಡ್ರಿ. ಸಂಘದಾಗಿನ ರೊಕ್ಕ ನಾವಾ ವಾರವಾರ ತುಂಬಿದ್ದು. ನಾವು ಬಡದ ರೊಟ್ಟಿ ಮಾರಾಕ ಬರ್ತದ, ತಿನ್ನಾಕ ಏನ್ ಧಾಡಿ ಬಂದದ ನಿಮಗ?"

ನಿಜಲಿಂಗಪ್ಪ ಕಾಗದ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಹರಿದ. ಹರಿದದ್ದನ್ನು ಮತ್ತೊಮ್ಮೆ ಹರಿದ.

ಕಲ್ಲವ್ವನಿಗೆ ಅಮಾವಾಸ್ಯೆ ನೆನಪಾಗಿ ಹೆದರಿಕೆಯಾಯಿತು. ಆದರೆ ತುತ್ತು ಹಿಡಿದ ಕೈ ಇಳಿಸಲಿಲ್ಲ. ಅಂಬಾ ವೇದಿಕೆ ಹತ್ತಿ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಂಡಳು. ಅವಳ ಹಿಂದೆ ಉಳಿದ ಹೆಂಗಸರೂ ಹತ್ತಿ, ಒಂದೊಂದು ರೊಟ್ಟಿ ಹಿಡಿದು ನಿಜಲಿಂಗಪ್ಪನ ಸುತ್ತ ನಿಂತರು.

ಕನ್ನಡ ಬಾರದ ಸ್ವಪ್ನಿಲ್ ಕ್ಯಾಮರಾ ಕೆಳಗಿಳಿಸಿದ.

"ಫೋಟೋ ತೆಗಿಯೋ ತಮ್ಮಾ," ಎಂದಳು ಕಲ್ಲವ್ವ, ಕ್ಯಾಮರಾದತ್ತ ಸನ್ನೆ ಮಾಡಿ. ತುತ್ತನ್ನು ನಿಜಲಿಂಗಪ್ಪನ ತುಟಿಗೆ ತಾಗಿಸಿ ಹಿಡಿದಳು. "ಬಾಯಿ ತೆರೀರಿ."