ಗೂಳಿಗೆ ಸಿಕ್ಕ ಸನ್ಮಾನ

ಅಳಿಯ ಸತ್ತ ಸುದ್ದಿ ಬಂದ ಬೆಳಗ್ಗೆ ಇಸ್ತ್ರಿ ಅಜ್ಜಿ ಅಂಗಡಿಯಲ್ಲಿ ಯಾರದೋ ಬಿಳಿ ಅಂಗಿಗೆ ನೀರು ಚಿಮುಕಿಸುತ್ತಿದ್ದಳು. ಪಕ್ಕದ ಕ್ಷೌರದಂಗಡಿಯವನು ಬಂದು ನಿಂತು ಓಣಿಯ ತುದಿಗೆ ಕೈ ತೋರಿಸಿದ. ಅವಳೇ ಎದ್ದು ಅವನ ಹಿಂದೆ ನಡೆದಳು. ಟ್ರಾನ್ಸ್‌ಫಾರ್ಮರಿನ ಬೇಲಿಯ ಹಿಂದೆ ಅಳಿಯ ಬಿದ್ದಿದ್ದ. ಮೊಣಕಾಲು ಎರಡನ್ನೂ ಜಜ್ಜಿದ್ದರು. ಕುತ್ತಿಗೆಗೆ ಅವನ ಚೀಲದ ವೈರನ್ನೇ ಬಿಗಿದಿದ್ದರು.

ಓಣಿಯೆಲ್ಲ ಅವನನ್ನು ಏಣಿ ಎಂದೇ ಕರೆಯುತ್ತಿತ್ತು. ವೈರಿಂಗ್ ಕೆಲಸದವನು, ಆಳೂ ಉದ್ದ, ಹೆಗಲ ಮೇಲೆ ಸದಾ ಏಣಿಯೂ ಇರುತ್ತಿತ್ತು. ಮಗಳನ್ನು ಕೊಟ್ಟ ಅತ್ತೆ ಏಣಿ ಇಡಲು ಮನೆಯಲ್ಲಿ ಜಾಗ ಕೊಡುವುದಿಲ್ಲವೆಂದು ಅವನು ಗೋಳಾಡಿದರೆ, "ಅದನ್ನ ಹಾಸಿಗೆ ಮೇಲೆ ಮಲಗಿಸು, ನೀನು ಗೋಡೆಗೆ ಒರಗಿ ನಿಂತ್ಕೋ" ಎನ್ನುತ್ತಿದ್ದಳು ಅಜ್ಜಿ.

ಓಣಿಯ ಕರೆಂಟು ಒಬ್ಬ ಗುತ್ತಿಗೆದಾರನ ಮುಷ್ಟಿಯಲ್ಲಿತ್ತು. ಒಂದೇ ಮೀಟರಿನಿಂದ ಮನೆಮನೆಗೆ ಕಳ್ಳತಂತಿ ಎಳೆದು, ಬಲ್ಬಿಗಿಷ್ಟು ಫ್ಯಾನಿಗಿಷ್ಟು ಎಂದು ಸುಲಿಯುತ್ತಿದ್ದ. ಕೊಡದವರ ಬಾಗಿಲಿಗೆ ಅವನ ಬಂಟ ಗೂಳಿ ಬಂದು ಕೈಕಾಲು ಮುರಿಯುತ್ತಿದ್ದ. ಬಡವರಿಗೆ ಕಡಿಮೆ ದರದಲ್ಲಿ ಸ್ವಂತ ಮೀಟರು ಸಿಗುತ್ತದೆಂದು ಪತ್ತೆ ಹಚ್ಚಿದವನು ಏಣಿ. ಅವನ ಹೆಂಡತಿ, ಅಂದರೆ ಅಜ್ಜಿಯ ಮಗಳು, ಗುಟ್ಟಾಗಿ ಎಲ್ಲರ ಅರ್ಜಿ ಬರೆದಳು; ಅವನು ಕೂಲಿ ಕೇಳದೆ ವೈರಿಂಗ್ ಮಾಡಿಕೊಟ್ಟ. ಗಂಡಹೆಂಡಿರ ಈ ಕೆಲಸ ಗುತ್ತಿಗೆದಾರನಿಗೆ ಗೊತ್ತಿರಲಿಲ್ಲ. ಮನೆಗಳು ಒಂದೊಂದಾಗಿ ಕೈತಪ್ಪಿದಾಗ, ತನ್ನ ಆಳುಗಳಲ್ಲೇ ಯಾರೋ ಓಣಿಯವರಿಗೆ ಕಳ್ಳತಂತಿಯ ಜಾಡು ಹೇಳಿಕೊಟ್ಟಿದ್ದಾರೆಂದು ಅವನು ಹಲ್ಲು ಕಡಿಯುತ್ತಿದ್ದ.

ಆದರೆ ಉಪಕಾರ ಉಂಡವರಿಗೆ ಸುಮ್ಮನಿರಲಾಗಲಿಲ್ಲ. ಏಣಿ ಬೇಡ ಬೇಡವೆಂದರೂ ಅವನ ಆಳೆತ್ತರದ ಚಿತ್ರ ಮಾಡಿಸಿ, 'ನಮ್ಮ ಮನೆ ಬೆಳಗಿದ ಅಣ್ಣ' ಎಂದು ಬರೆಸಿ ಓಣಿಯ ಬಾಯಿಗೆ ಕಟ್ಟಿದರು. ಕಟುಕನಿಗೆ ಕುರಿಯ ಗುರುತು ಹೇಳಿಕೊಟ್ಟಂತಾಯಿತು.

ಪೊಲೀಸರು ಬಂದರು, ಟೀ ಕುಡಿದರು, ಹೋದರು.

ಕೆಲವು ವಾರಗಳ ಮೇಲೆ, ಬಡವರ ಮನೆಗೆ ಬೆಳಕು ಕೊಡಿಸಿದವರನ್ನು ಗೌರವಿಸುವ ಸಂಘವೊಂದು ಅಜ್ಜಿಯನ್ನು ಹುಡುಕಿಕೊಂಡು ಬಂತು. ಸತ್ತವನಿಗೆ ಪದಕ ಕೊಡುತ್ತೇವೆ, ಅವನ ಜೊತೆ ದುಡಿದವರೂ ವೇದಿಕೆಗೆ ಬರಲಿ ಎಂದರು. ಅಜ್ಜಿ ಮಗಳಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದಳು.

"ಅವರು ಸತ್ತಿದ್ದು ನಾವು ಬಿಲದಲ್ಲಿ ಬದುಕೋಕಾ, ಅಮ್ಮ?" ಎಂದಳು ಮಗಳು.

ಸಭೆಯ ಹಿಂದಿನ ದಿನ ಮಧ್ಯಾಹ್ನ ಗೂಳಿ ಅಂಗಡಿಗೆ ಬಂದು ಶಟರನ್ನು ಅರ್ಧ ಎಳೆದ. ಅಜ್ಜಿಯ ಎಡಗೈಯನ್ನು ಮೇಜಿನ ಮೇಲೆ ಹರಡಿ, ಕಾದ ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಹಿಡಿದ.

"ಅರ್ಜಿ ಬರೆದೋರು ಯಾರಜ್ಜಿ? ನಮ್ಮೋರೇ ಯಾರೋ ಸೇರ್ಕೊಂಡಿದ್ದಾರೆ ಅಂತ ಧಣಿಗೆ ಅನುಮಾನ."

ಚರ್ಮ ಚುರುಗುಟ್ಟಿತು. ಸುಟ್ಟ ವಾಸನೆ ಅವಳ ಮೂಗಿಗೇ ಬಡಿಯಿತು. ಅವಳು ದೇವರನ್ನು ಕರೆದಳು.

"ದೇವರು ಅರ್ಜಿ ಬರೆಯಲ್ಲ," ಎಂದ ಗೂಳಿ. "ನಿನ್ನ ಅಳಿಯನೂ ಹೀಗೇ ದೇವರೇ ದೇವರೇ ಅಂತಿದ್ದ. ಬಿಡು, ನಾಳೆ ವೇದಿಕೆ ಮೇಲೆ ಹೆಸರು ಕರೀತಾರಲ್ಲ. ನಾನೂ ಧಣಿನೂ ಮುಂದೇ ಕೂತಿರ್ತೀವಿ."

ಕೂತೇ ಇದ್ದರು. ಸಂಘದ ಅಧ್ಯಕ್ಷೆ ಅಜ್ಜಿಯ ಬಲಗೈಗೆ ಪದಕ ಕೊಟ್ಟು, ನಿಮ್ಮ ಅಳಿಯನಿಗೆ ಹೆಗಲು ಕೊಟ್ಟವರು ಯಾರೆಂದು ಅಕ್ಕರೆಯಿಂದಲೇ ಕೇಳಿದಳು. ಸಭೆಯ ನಡುವೆ ಮಗಳು ಏಳಲು ಕುರ್ಚಿ ಸರಿಸಿದ್ದು ಅಜ್ಜಿಗೆ ಕಂಡಿತು. ಅಜ್ಜಿ ಅಧ್ಯಕ್ಷೆಯ ಕೈಯಿಂದ ಮೈಕನ್ನು ಕಸಿದುಕೊಂಡಳು.

"ಒಬ್ಬ ಇದ್ದಾನೆ. ಧಣಿ ಪಕ್ಕದಲ್ಲೇ ಕೂತಿದ್ದಾನಲ್ಲ, ನಮ್ಮ ಗೂಳಿ. ಕಳ್ಳತಂತಿ ಎಲ್ಲೆಲ್ಲಿದೆ ಅಂತ ತೋರಿಸಿಕೊಟ್ಟೋನು ಇವನೇ. ಜನ ಹಚ್ಚಿ ಅರ್ಜಿ ಬರೆಸಿದೋನೂ ಇವನೇ. ಅನ್ನ ಹಾಕಿದ ಧಣಿಗೆ ಹೆದರಿ ಬಾಯಿ ಬಿಟ್ಟಿಲ್ಲ, ಪಾಪ. ಬಾ ಮಗಾ, ನಾಚ್ಕೋಬೇಡ."

ಸುಳ್ಳು ಸುಳ್ಳು ಎಂದು ಗೂಳಿ ಅರಚಿದ. ಊರಾಚೆಯಿಂದ ಬಂದ ಸಂಘದವರಿಗೆ ಅವನು ಯಾರೆಂದು ತಿಳಿಯದು. ಎಂಥ ವಿನಯ ಎಂದು ಅವನ ರಟ್ಟೆ ಹಿಡಿದು ವೇದಿಕೆಗೆ ಹತ್ತಿಸಿದರು. ಓಣಿಯವರು ಕಲ್ಲಿನಂತೆ ಕೂತಿದ್ದರು. ಗುತ್ತಿಗೆದಾರನೂ ಚಪ್ಪಾಳೆ ತಟ್ಟಿದ, ನಿಧಾನವಾಗಿ.

ಜನ ಚದುರುವ ಮೊದಲೇ ಸಭಾಭವನದ ಹಿಂದಿನ ಗಲ್ಲಿಯಿಂದ ಕಬ್ಬಿಣದ ಸಲಾಕೆಗಳ ಸದ್ದು ಕೇಳಿಸಿತು. ಎಲುಬಿಗೆ ಬಿದ್ದ ಏಟು ಒಂದು ತರ, ಗೋಡೆಗೆ ಬಿದ್ದದ್ದು ಇನ್ನೊಂದು ತರ. ನಡುನಡುವೆ ಗೂಳಿಯ ಕೂಗು: "ಅಜ್ಜೀ, ನಿಜ ಹೇಳಜ್ಜೀ." ಅಲ್ಲಿಗೆ ನಾಲ್ಕು ಹೆಜ್ಜೆ. ಹೋಗಿ ನಿಜ ಹೇಳಿದರೆ ಅವನು ಉಳಿದಾನು, ಮಗಳು ಉಳಿಯಳು. ಅಜ್ಜಿ ಮಗಳ ಮಣಿಕಟ್ಟು ಹಿಡಿದು ನಿಂತೇ ಇದ್ದಳು. ಕೂಗು ಮೊದಲು ಅಳುವಾಯಿತು, ಆಮೇಲೆ ನಿಂತಿತು. ಗುತ್ತಿಗೆದಾರನ ಹುಡುಕಾಟವೂ ಅಲ್ಲಿಗೆ ನಿಂತಿತು.

"ನೀನೇ ಕೊಲ್ಲಿಸಿದೆ, ಅಮ್ಮ."

"ಹೌದು."

ಮನೆಗೆ ಬಂದು ಅಜ್ಜಿ ಕೈಕಾಲು ತೊಳೆದು ಬರಿನೆಲದ ಮೇಲೆ ಕೂತಳು. ಸುಟ್ಟ ಕೈ ಮಡಚಲು ಬರಲಿಲ್ಲ. ಇನ್ನೊಂದನ್ನು ಅದಕ್ಕೆ ಆನಿಸಿ ಮುಗಿದಳು. ದೇವರೇ, ನನ್ನ ಅಳಿಯ ನೋವಿನಲ್ಲಿ ಹೋದ, ಅವನನ್ನು ತಂಪಾದ ಜಾಗದಲ್ಲಿಡು. ಗೂಳಿಯನ್ನೂ ಒಬ್ಬ ತಾಯಿ ಹೆತ್ತಿದ್ದಳು. ಅವನಿಗೂ ಅಂಥದೇ ಜಾಗ ಕೊಡು ಎನ್ನಲು ನನಗೆ ಬಾಯಿಲ್ಲ, ಆದರೂ ಕೊಡು. ನನ್ನ ಪಾಪ ನನ್ನ ತಲೆಯ ಮೇಲಿರಲಿ. ಹೋದವರ ಆತ್ಮಕ್ಕೆ ಶಾಂತಿ ಸಿಗಲಿ.