ಬಲಕ್ಕೆ ಮಾತ್ರ ಬರುತ್ತದೆ

ಬೆಳಗ್ಗೆ ಒಂಬತ್ತಕ್ಕೆ ಕಾರಿನೊಳಗೆ ಹೋದ ನಮ್ಮನೆಯವರು ಮಧ್ಯಾಹ್ನ ಎರಡಾದರೂ ಹೊರಗೆ ಬಂದಿರಲಿಲ್ಲ. ಡ್ರೈವರ್ ಸೀಟು ಕಿತ್ತ ಜಾಗದಲ್ಲಿ ಹಲಗೆ ಹಾಸಿ, ಅಂಗಾತ ಮಲಗಿ, ತಲೆಯನ್ನು ಸ್ಟೀರಿಂಗಿನ ಕೆಳಗೆ ತೂರಿಸಿ, ಕಾಲುಗಳನ್ನು ಹಿಂದಿನ ಸೀಟಿನ ಮೇಲೆ ಚಾಚಿದ್ದರು. ಹಿಂದಿನಿಂದ ನೋಡಿದರೆ ಎರಡು ಕಾಲುಚೀಲ ಮಾತ್ರ ಕಾಣುತ್ತಿದ್ದವು. ಒಂದರಲ್ಲಿ ಹೆಬ್ಬೆರಳು ಹೊರಗೆ ಬಂದು ಗಾಳಿ ತೆಗೆದುಕೊಳ್ಳುತ್ತಿತ್ತು.

ಕಾರು ಇವರ ಅಪ್ಪನದು, ಶೆಡ್ಡು ಇವರ ಅಕ್ಕನದು. ತಕರಾರು ಅಲ್ಲೇ ಇತ್ತು. ಅತ್ತಿಗೆ ಬಂದಾಗಲೆಲ್ಲ "ಎಲ್ಲಿಗೆ ಬಂತೋ ನಿನ್ನ ರಥ?" ಎಂದು ಕೇಳುವುದು, ಇವರು "ಎಲ್ಲಾ ಮುಗೀತಕ್ಕಾ, ಪೆಡಲ್ ಸೆಟ್ ಒಂದು ಬಿಚ್ಚಿದ್ರೆ ಆಯ್ತು" ಎನ್ನುವುದು. ರಿಪೇರಿಯಲ್ಲಿ ಹೀಗೇ ಮೂರು ವರ್ಷ ಕಳೆದಿತ್ತು. ಪೆಡಲ್ ತೆಗೆಯದೆ ಅದರ ಕೆಳಗಿನ ತುಕ್ಕು ತಗಡನ್ನು ಮುಟ್ಟುವುದಿಲ್ಲ ಎಂದು ವೆಲ್ಡರ್. ತಗಡು ತೆಗೆಯದೆ ಪೆಡಲ್ ಸಡಿಲವಾಗುವುದಿಲ್ಲ ಎಂದು ಇವರು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ.

ಹೋದ ವಾರ ಅತ್ತಿಗೆ ತೀರ್ಪು ಕೊಟ್ಟರು. "ಶನಿವಾರ ಮಧ್ಯಾಹ್ನ ಎರಡೂವರೆಗೆ ಗುಜರಿಯವನನ್ನ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ಆ ಪೆಡಲ್ ನನ್ನ ಕೈಗೆ ಬಂದ್ರೆ ಕಾರು ನಿಂದು. ಇಲ್ಲಾಂದ್ರೆ ಅವನದು."

ಇವರು ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಆ ಶನಿವಾರವೇ ಇದು.

ಆಧಾರಕ್ಕೆ ನಮ್ಮ ಹತ್ತಿರ ಒಂದು ಚೀಟಿ ಇತ್ತು. ಮೊದಲು ಈ ಕಾರು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕು, ಎಲ್ಲರ ಬಾಯಲ್ಲಿ ಗ್ರೀಸಜ್ಜ, ಮಗಳ ಊರಿಗೆ ಹೋಗುವ ಮುಂಚೆ ಬರೆದುಕೊಟ್ಟಿದ್ದು. ನಾನು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಓದಿದ್ದೆ: "ನಾಲ್ಕು ಬೋಲ್ಟು ಬಿಚ್ಚಿ. ಲಾಕು ತೆಗೆಯಿರಿ. ಪಿನ್ನು ಬಲಕ್ಕೆ ಮಾತ್ರ ಬರುತ್ತದೆ."

ಬೋಲ್ಟು, ಲಾಕು ಹನ್ನೊಂದಕ್ಕೇ ಬಂದಿದ್ದವು. ಉಳಿದದ್ದು ಪಿನ್ನು. ಬೆರಳು ಗಾತ್ರದ್ದು, ಪೆಡಲುಗಳೆಲ್ಲ ನೇತಾಡುವುದು ಅದರ ಮೇಲೆಯೇ.

"ಕೇಳಿದ್ಯಾ? ಬಲಕ್ಕೆ ಮಾತ್ರ!" ಎಂದು ಇವರು ಒಳಗಿನಿಂದ ಕೂಗಿದ್ದರು. "ನಯ ವಿನಯಕ್ಕೆಲ್ಲ ಬಗ್ಗೋ ಜಾತಿಯಲ್ಲ ಇದು. ದಂಡಂ ದಶಗುಣಂ. ಕೊಡು ಸುತ್ತಿಗೆ!"

ಚಿಕ್ಕ ಸುತ್ತಿಗೆ ಆಯಿತು, ದೊಡ್ಡದಾಯಿತು, ಪಕ್ಕದ ಮನೆಯಿಂದ ಗೋಡೆ ಒಡೆಯುವುದನ್ನೂ ತಂದಾಯಿತು. ಮೂರು ಗಂಟೆ ಹೊತ್ತು ಹೊಡೆದರೂ ಪಿನ್ನು ಜಪ್ಪಯ್ಯ ಅನ್ನಲಿಲ್ಲ.

ನಾನು ಗ್ರೀಸಜ್ಜನಿಗೆ ಫೋನು ಮಾಡಿದೆ. ಅಜ್ಜನ ಕಿವಿ ಈಗ ಅಷ್ಟಕ್ಕಷ್ಟೇ.

"ಅಜ್ಜಾ, ಪಿನ್ನು ಬರ್ತಿಲ್ಲ!"

"ಊಟ ಆಯ್ತಮ್ಮಾ, ನಿಂದು?"

"ಊಟ ಅಲ್ಲಜ್ಜಾ! ಬೆಳಗ್ಗೆಯಿಂದ ಒದ್ದಾಡ್ತಿದ್ದೀವಿ, ಹೊರಗೇ ಬರ್ತಿಲ್ಲ!"

"ಅಯ್ಯೋ ಪಾಪ. ದಿನ ತುಂಬಿತ್ತಾ? ಡಾಕ್ಟರು ಏನಂದ್ರು?"

ಫೋನು ಇಟ್ಟೆ. ಚೀಟಿಯನ್ನೇ ಮತ್ತೆ ಓದಿದೆ. ಅವಸರದಲ್ಲಿ ಓದಿದ ಅಕ್ಷರ ಒಂದು ಹೇಳಿದರೆ, ಬೆರಳಿಟ್ಟು ಓದಿದಾಗ ಇನ್ನೊಂದು ಹೇಳುತ್ತದೆ.

"ರೀ, ಇದು ಶಕ್ತಿಯ ಬಲ ಅಲ್ಲವೇನೋ. ಬಲಗಡೆಯ ಬಲ ಇರಬಹುದು."

ಸುತ್ತಿಗೆ ನಿಂತಿತು. "ನಾನು ಬಲಗಡೆಗೇ ಹೊಡೀತಿರೋದು! ನನ್ನ ಬಲಗೈ ಯಾವುದು ಅಂತ ನನಗೆ ಗೊತ್ತಿಲ್ವಾ?"

"ಗೊತ್ತು. ಆದ್ರೆ ನೀವೀಗ ತಿರುವಿ ಹಾಕಿದ ಅಂಗಿ."

"ನಾನು ಏನು?"

"ಅಂಗಿ. ಒಳಮೈ ಹೊರಗೆ ಮಾಡಿದ್ರೆ ಬಲತೋಳು ಎಡಕ್ಕೆ ಹೋಗುತ್ತೆ. ನಲವತ್ತು ವರ್ಷ ಹೊಲಿದಿದ್ದೀನಿ, ಅಷ್ಟೂ ತಿಳಿಯಲ್ವಾ? ಅಜ್ಜ ಬರೆದಿರೋದು ಸೀಟಲ್ಲಿ ಕೂತವರ ಬಲ. ನೀವು ತಲೆ ಮುಂದೆ ಮಾಡಿ ಅಂಗಾತ ಮಲಗಿದ್ದೀರಿ. ನಿಮ್ಮ ಬಲ ಕಾರಿನ ಎಡ."

ಒಳಗೆ ಬಟ್ಟೆಯಿಂದ ಒರೆಸುವ ಸದ್ದು. ಆಮೇಲೆ ಸಣ್ಣ ಧ್ವನಿ: "ಲೇ, ಈ ಕಡೆ ಗ್ರೀಸಿನೊಳಗೆ ಇದಕ್ಕೊಂದು ತಲೆ ಇದೆ ಕಣೆ. ಮೊಳೆಗಿದ್ದ ಹಾಗೆ."

"ಅಂದ್ರೆ ಮೂರು ಗಂಟೆ ಹೊತ್ತು ಮೊಳೆ ಜಡೀತಿದ್ರಿ. ಸರಿ, ಹೊರಗೆ ಬನ್ನಿ."

"ಬರೋಕಾಗಲ್ಲ. ಬೆನ್ನ ಹಿಂದೆ ಅಂಗಿ ಸೀಟಿನ ಕಂಬಿಗೆ ಸಿಕ್ಕಿಕೊಂಡಿದೆ."

"ಯಾವಾಗಿನಿಂದ?"

"ಹತ್ತು ಗಂಟೆಯಿಂದ."

"ಹೇಳ್ಬಾರದಿತ್ತಾ?"

"ನೀನು ನಗ್ತೀಯ ಅಂತ."

ನಾನು ನಗಲಿಲ್ಲ. ಸುಳ್ಳೇಕೆ, ಅತ್ತ ತಿರುಗಿ ನಕ್ಕೆ.

ಅಷ್ಟರಲ್ಲಿ ಬೀದಿಯಲ್ಲಿ ಗುಜರಿಯವನ ಗಾಡಿ ಗಡಗಡ ಎಂದಿತು. ಅತ್ತಿಗೆಯ ಚಪ್ಪಲಿ ಸದ್ದೂ ಕೇಳಿತು. ಅವರು ಯಾವತ್ತೂ ಹತ್ತು ನಿಮಿಷ ಮೊದಲೇ. ನಾನು ಹೊಲಿಗೆ ಮೆಷೀನಿನ ಎಣ್ಣೆ ಡಬ್ಬಿ ಹಿಡಿದು ಎಡಬಾಗಿಲಿಂದ ನುಗ್ಗಿ, ಮಂಡಿಯೂರಿ, ಪಿನ್ನಿನ ಬಾಲಕ್ಕೆ ನಾಲ್ಕು ಹನಿ ಬಿಟ್ಟೆ. ಸ್ಕ್ರೂಡ್ರೈವರ್ ತುದಿಯಿಟ್ಟು ಚಿಕ್ಕ ಸುತ್ತಿಗೆಯಿಂದ ತಟ್ಟಿದೆ. ಒಂದು. ಎರಡು. ಪಿನ್ನು ಮಿಸುಕಿತು. ಮೂರನೆಯದಕ್ಕೆ, ಸೂಜಿಯಿಂದ ದಾರ ಜಾರುವ ಹಾಗೆ ಜಾರಿಹೋಯಿತು.

"ಅಯ್ಯಯ್ಯೋ!"

"ಏನೋ ಅದು ಕಿರುಚಾಟ?" ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು.

"ಬಂತಕ್ಕಾ! ಪೆಡಲ್ ಬಂತು! ಎದೆ ಮೇಲೇ ಇದೆ!"

"ನನ್ನ ಕೈಗೆ ಬರ್ಬೇಕು ಅಂದಿದ್ದೆ, ನಿನ್ನ ಎದೆಗಲ್ಲ. ಇನ್ನೂ ಎಂಟು ನಿಮಿಷ ಇದೆ."

ನಾನು ಕತ್ತರಿ ತಂದು ಇವರ ಅಂಗಿಯ ಬೆನ್ನನ್ನು ಕಂಬಿಗೇ ಬಿಟ್ಟು ಉಳಿದದ್ದನ್ನು ಬಿಡಿಸಿದೆ. ಇವರು ತೆವಳಿ ಹೊರಗೆ ಬಂದು, ಪೆಡಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ಕೊಟ್ಟರು.

ಅತ್ತಿಗೆ ಅವನ್ನು ತಿರುಗಿಸಿ ನೋಡಿದರು. ಕ್ಲಚ್ಚಿನ ರಬ್ಬರು ಒಂದೇ ಮೂಲೆಯಲ್ಲಿ ಸವೆದು ತೆಳ್ಳಗಾಗಿತ್ತು. ಅಲ್ಲಿ ಹೆಬ್ಬೆರಳು ಇಟ್ಟರು.

"ಅಪ್ಪ ಇಲ್ಲಿಂದ ಕಾಲೇ ತೆಗೀತಿರ್ಲಿಲ್ಲ ಕಣೋ. ಎಷ್ಟು ಬೈದ್ರೂ."

"ನೀನೇ ಬೈತಿದ್ದಿದ್ದು, ಹಿಂದಿನ ಸೀಟಿನಿಂದ," ಎಂದರು ಇವರು.

ಅತ್ತಿಗೆ ಮೂಗು ಒರೆಸಿಕೊಂಡರು. ಮೂಗಿಗೆ ಗ್ರೀಸು ಹತ್ತಿತು, ನಾವಿಬ್ಬರೂ ಹೇಳಲಿಲ್ಲ. "ನೀವು ಹೋಗಿಬನ್ನಿ," ಎಂದರು ಗುಜರಿಯವನಿಗೆ.

ಅವನು ಕಂಬಿಗೆ ಸಿಕ್ಕಿಕೊಂಡಿದ್ದ ಬಟ್ಟೆ ನೋಡಿದ. "ಅಮ್ಮಾ, ಆ ಅಂಗಿಯಾದ್ರೂ ಕೊಡ್ತೀರಾ?"

ಕೊಡಲಿಲ್ಲ. ಅದರಲ್ಲೇ ಒಂದು ತುಂಡು ಕತ್ತರಿಸಿ, ಪೆನ್ನಿನಲ್ಲಿ ಬರೆದು, ಪಿನ್ನಿಗೆ ಕಟ್ಟಿದೆ: "ಕೂತವರ ಬಲಕ್ಕೆ. ಮಲಗಿದವರ ಎಡಕ್ಕೆ. ಮೆಲ್ಲಗೆ."

ಗಂಟು ಬಿಗಿಯುವಾಗ ಫೋನು ಬಂತು. ಗ್ರೀಸಜ್ಜ.

"ಮನಸ್ಸು ತಡೀಲಿಲ್ಲಮ್ಮಾ. ಏನಾಯ್ತು? ಬಂತಾ?"

"ಬಂತಜ್ಜಾ," ಎಂದು ಕೂಗಿದೆ. "ಎಲ್ಲಾ ಸುಸೂತ್ರ. ಮಗುವಿನ ಅಪ್ಪನ ಬೆನ್ನು ಮಾತ್ರ ಸ್ವಲ್ಪ ತರಚಿದೆ."