ಇಪ್ಪತ್ತೊಂದು ತಗಡು

"ಇದೊಂದು ಆದ್ರ ಇಪ್ಪತ್ತೊಂದು ಆದುವು," ಎನ್ನುತ್ತ ಓಣಿಯ ಲಾರಿ ಡ್ರೈವರ್ ಅಮೀನಪ್ಪ ತಾಮ್ರದ ತಗಡನ್ನು ಹೊಸ್ತಿಲ ಮೇಲಿಟ್ಟು ಕತ್ತರಿಗೆ ಬಲ ಹಾಕಿದ. ತಗಡು ತೆಳ್ಳಗಿತ್ತು, ಕತ್ತರಿ ಮೊಂಡಾಗಿತ್ತು. ಹೆಬ್ಬೆರಳಗಲದ ತುಂಡು ಸೊಟ್ಟಗೆ ಕತ್ತರಿಸಿಕೊಂಡು ಜಯಶ್ರೀಯ ಕಾಲ ಬಳಿ ಬಿತ್ತು.

ಒಳಗೆ ಅವಳ ಅಪ್ಪ ಶಂಕರಲಿಂಗ ಗೋಡೆಗೆ ಒರಗಿ ಕೂತಿದ್ದ. ಕೂತಿದ್ದ ಅಂದರೆ, ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಮಾಲೆ, ಗದ್ದ ಜಾರದಂತೆ ಬಿಗಿದ ಬಿಳಿ ಪಟ್ಟಿ. ಹಿಂದಿನ ದಿನ ಸಂಜೆ ಎದೆ ಹಿಡಿದುಕೊಂಡು ಕುಸಿದವನು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ಗೋವಾದ ಡಿಚೋಲಿಯ ಅದಿರು ಲಾರಿಗಳ ಹಿಂದೆ ಮುಂದೆ ಅಕ್ಷರ ಬರೆದು ಇಪ್ಪತ್ತೆಂಟು ವರ್ಷ ಹೊಟ್ಟೆ ಹೊರೆದವನು. ಗಣಿ ನಿಂತು ಎರಡು ತಿಂಗಳಾಗಿತ್ತು. ಲಾರಿಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತಿದ್ದವು. ನಿಂತ ಲಾರಿಗೆ ಬಣ್ಣ ಬಳಿಸುವವರು ಯಾರು?

ಸತ್ತವರ ಮೈಮೇಲೆ ಮಂತ್ರ ಬರೆದ ಇಪ್ಪತ್ತೊಂದು ತಗಡು ಇಟ್ಟು ಮಣ್ಣು ಕೊಡುವುದು ಅವರ ಪದ್ಧತಿ. ಕರ್ನಾಟಕದ ತಮ್ಮ ಊರಲ್ಲಾದರೆ ಮೊಳೆಯಿಂದ ಗೀಚುತ್ತಾರೆ. ಶಂಕರಲಿಂಗ ಮಾತ್ರ ಸಣ್ಣ ಬ್ರಶ್ಶಿನಿಂದ ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದ. ಓಣಿಯಲ್ಲಿ ಯಾರೇ ಸತ್ತರೂ ಅವನೇ ಬರೆಯಬೇಕು. ಸಾಯುವುದಾದರೆ ಶಂಕರಲಿಂಗ ಇರುವಾಗಲೇ ಸಾಯಬೇಕು, ಅಕ್ಷರಗಳಾದರೂ ದುಂಡಗಿರುತ್ತವೆ ಎಂದು ಮುದುಕರು ಚೇಷ್ಟೆ ಮಾಡುತ್ತಿದ್ದರು. ಅವರಲ್ಲಿ ನಾಲ್ಕು ಜನ ಇನ್ನೂ ಗಟ್ಟಿಯಾಗಿ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದರು. ಹೋದವನು ಅವನು.

"ಮೊಳಿ ಕೊಡ್ರಿ, ನಾನs ಗೀಚತೇನಿ," ಎಂದ ಅಮೀನಪ್ಪ. "ನನ್ನ ಅಕ್ಷರ ಕಾಗಿ ಕಾಲಿನಂಗ ಇರ್ತಾವು, ಆದ್ರ ದೇವರಿಗೆ ತಿಳೀತಾವ."

ಹೆಣದ ಪಕ್ಕ ಕೂತಿದ್ದ ಜಯಶ್ರೀಯ ಅವ್ವ ನೀಲವ್ವ ತಲೆಯೆತ್ತಿದಳು.

"ನೀ ಯಾಕ ಗೀಚತೀಯೋ ಯಪ್ಪಾ? ಅಂವನ ಮಗಳು ಇಲ್ಲೇನು? ಅಪ್ಪನ ಬಣ್ಣ ಐತಿ, ಅಪ್ಪನ ಬ್ರಶ್ ಐತಿ. ಜಯಾ ಬರೀತಾಳ."

ಜಯಶ್ರೀ ಕಾಲ ಬಳಿ ಬಿದ್ದ ತುಂಡನ್ನು ಎತ್ತಿಕೊಂಡಳು. ಅವಳಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ.

ಮಾತು ಬರುತ್ತಿತ್ತು, ಜಗಳವೂ ಬರುತ್ತಿತ್ತು. ಆದರೆ ಓದಿದ್ದು ನಾಲ್ಕರವರೆಗೆ ಮರಾಠಿ, ಆಮೇಲೆ ಇಂಗ್ಲಿಷು. ಕುಂಡಯಿಯ ಔಷಧಿ ಕಾರ್ಖಾನೆಯಲ್ಲಿ ಈಗ ಲೇಬಲ್ಲುಗಳ ತಪ್ಪು ಹಿಡಿಯುವುದೇ ಅವಳ ಕೆಲಸ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ನೀಲವ್ವನಿಗೆ ಅಕ್ಷರವೆಂದರೆ ಅಕ್ಷರ. ಒಂದು ಬಂದವರಿಗೆ ಎಲ್ಲ ಬಂತು, ರೊಟ್ಟಿ ಬಡಿಯುವವಳಿಗೆ ಚಪಾತಿ ಬಾರದೇ ಎಂಬ ಲೆಕ್ಕ ಅವಳದು.

"ಹೂಂ," ಎಂದಳು ಜಯಶ್ರೀ. ಇಲ್ಲ ಅನ್ನುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಕಾರ್ಖಾನೆಯೊಳಗೆ ಫೋನು ಬಿಡದ ಕಾರಣ ರಾತ್ರಿ ಪಾಳಿ ಮುಗಿದ ಮೇಲಷ್ಟೇ ಸುದ್ದಿ ತಿಳಿದು ಎರಡು ಬಸ್ಸು ಬದಲಿಸಿ ಬಂದವಳು ಕಾರ್ಖಾನೆಯ ನೀಲಿ ಅಂಗಿಯಲ್ಲೇ ಇದ್ದಳು.

*

ಹನ್ನೊಂದು ವರ್ಷಗಳ ಹಿಂದೆ, ಅವಳು ಏಳನೆಯ ಇಯತ್ತೆಯಲ್ಲಿದ್ದಾಗ, ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಶಂಕರಲಿಂಗ ಒಂದು ಬೋರ್ಡು ಬರೆದುಕೊಟ್ಟಿದ್ದ. ಪುಕ್ಕಟೆ. ಮಗಳ ಶಾಲೆ ತಾನೇ? ಗೇಟಿನ ಮೇಲೆ ಕಟ್ಟಲು ಆಳುದ್ದದ ಹಲಗೆ, ಹಳದಿ ನೆಲಕ್ಕೆ ನೀಲಿ ಅಕ್ಷರ, ಇಂಗ್ಲಿಷಿನ ಒಂದೇ ಶಬ್ದ: ವೆಲ್‌ಕಮ್. ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಇಳಿಸುವ ಕೈ ಅದು. ಈ ಶಬ್ದವನ್ನು ಯಾವುದೋ ಹೊಟೇಲಿನ ಬಾಗಿಲಲ್ಲಿ ನೋಡಿಕೊಂಡು ಬಂದಿದ್ದ. ಹೊಟೇಲಿನವನೇ ತಪ್ಪಿದ್ದನೋ, ಇವನ ನೆನಪು ತಪ್ಪಿತೋ, ನಡುವೆ ಒಂದರ ಬದಲು ಎರಡು ಎಲ್ ಬಿದ್ದಿದ್ದವು.

ಟೀಚರ್ ಬಾಯಿ ನೋಡಿ ನಕ್ಕರು. ಬಾಯಿ ನಕ್ಕ ಮೇಲೆ ಶಾಲೆಯೇ ನಕ್ಕಿತು. "ತೊ ತುಜೊ ಬಾಪೂಯ್ ಮೂ?" ಎಂದು ಗೆಳತಿಯೊಬ್ಬಳು ಸ್ಟೂಲಿನ ಮೇಲೆ ನಿಂತು ಹಗ್ಗ ಕಟ್ಟುತ್ತಿದ್ದ ಶಂಕರಲಿಂಗನನ್ನು ತೋರಿಸಿ ಕೇಳಿದಳು.

"ನಮ್ಮ ಅಪ್ಪ ಅಲ್ಲ," ಎಂದು ಜಯಶ್ರೀ ಕೊಂಕಣಿಯಲ್ಲೇ ಹೇಳಿದಳು. "ನಮ್ಮ ಓಣಿಯವನು."

ಸ್ಟೂಲು ಎರಡು ಮಾರು ದೂರದಲ್ಲಿತ್ತು, ಕೊಂಕಣಿ ಅವನಿಗೆ ಚೆನ್ನಾಗಿ ಬರುತ್ತಿತ್ತು. ಅವನು ಹಗ್ಗದ ಗಂಟು ಬಿಚ್ಚಿ ಹಲಗೆ ಇಳಿಸಿಕೊಂಡು ಮಾತಿಲ್ಲದೆ ಮನೆಗೆ ನಡೆದ.

ಸಂಜೆ ಅವಳು ಮನೆಗೆ ಬಂದಾಗ ಹಲಗೆ ಅಂಗಳದಲ್ಲಿತ್ತು.

"ಇದರಾಗ ತಪ್ಪು ಎಲ್ಲೇತಿ ತೋರಿಸವ್ವಾ," ಎಂದ.

ಅವಳು ತೋರಿಸಿದಳು.

"ಅರ್ಥ ಏನು ಇದರದು?"

"ಬರ್ರಿ ಅಂತ. ಬಂದದ್ದು ಚಲೋ ಆತು ಅಂತ. ಯಾರರೆ ಥ್ಯಾಂಕ್ಯೂ ಅಂದ್ರನೂ ಇದನ್ನs ಅಂತಾರ."

"ಅಂದ್ರ, ಇರ್ಲಿ ಬಿಡ್ರಿ ಅಂದಂಗ?"

"ಹೂಂ, ಹಂಗs."

"ಚಲೋ ಶಬ್ದ. ನಾನs ಕೆಡಿಸಿದ್ದೆ," ಎಂದು ಅವನು ಒಂದು ಎಲ್ ಅನ್ನು ಕೆರೆದು ತೆಗೆದ. ತೆಗೆದ ಜಾಗ ಬೋಳಾಗಿ ಕಾಣುತ್ತದೆಂದು ಅಲ್ಲೊಂದು ಚೆಂಡುಹೂವು ಬರೆದ. ಮರುದಿನ ಬಾಯಿ ಹೂವನ್ನು ಹೊಗಳಿದರು.

ಅಂದಿನಿಂದ ಯಾವ ಬೋರ್ಡಾದರೂ ಮೊದಲು ಸುಣ್ಣದ ಕಡ್ಡಿಯಲ್ಲಿ ಬರೆದು ಮಗಳಿಗೆ ತೋರಿಸುವುದು ಅವನ ರೂಢಿಯಾಯಿತು. ಆದರೆ ಗೇಟಿನ ಬಳಿಯ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. "ನಿನಗ ನಮ್ಮ ಅಕ್ಷರ ಕಲಸ್ತೇನಿ, ಬಾ," ಎಂದು ಎಷ್ಟೋ ಭಾನುವಾರ ಕರೆದಿದ್ದ. "ಗೋವಾದಾಗ ಯಾರು ಓದ್ತಾರಪಾ ಅದನ್ನ?" ಎಂದು ಅವಳು ಎದ್ದು ಹೋಗುತ್ತಿದ್ದಳು. ಅವನಿಗೆ ಒತ್ತಾಯ ಮಾಡಿ ಗೊತ್ತಿರಲಿಲ್ಲ.

*

ಹಿತ್ತಲಲ್ಲಿ ಅಡಿವೆಯ್ಯ ಬಚ್ಚಲುಕಲ್ಲಿನ ಮೇಲೆ ಕೂತು ವಿಭೂತಿ ಪುಡಿ ಮಾಡುತ್ತಿದ್ದರು. ಓಣಿಯ ಅಯ್ಯನವರು ಅವರೇ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಜಯಶ್ರೀ ಅವರ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಅಜ್ಜಾರ, ನನಗ ಬರಿಯಾಕ ಬರಂಗಿಲ್ರಿ."

"ಕೈ ನಡಗ್ತಾವೇನವ್ವಾ?"

"ಕನ್ನಡ ಬರಂಗಿಲ್ರಿ. ಒಂದಕ್ಷರಾನೂ ಬರಂಗಿಲ್ಲ. ಅಪ್ಪ ಕಲಸ್ತೇನಿ ಅಂದಿದ್ದ, ನಾನs ಒಲ್ಲೆ ಅಂದೆ. ಯವ್ವಗ ಗೊತ್ತಿಲ್ಲ." ಬೆಳಗಿನಿಂದ ಬಾರದ ಅಳು ಈಗ ಬಂತು. "ಅಂವ ನನ್ನ ಅಪ್ಪ ಅಲ್ಲ ಅಂತ ಒಮ್ಮೆ ಅಂದಿದ್ನಿರಿ. ಅಂವಗ ಕೇಳಿಸಿತ್ತು."

ಸಮಾಧಾನ ಹೇಳಿ ಹೇಳಿ ಮುದುಕರಿಗೂ ಬೇಸರ ಬಂದಿರಬೇಕು. ತಟ್ಟೆಯಲ್ಲಿ ವಿಭೂತಿ ಹರಡಿ ಅಂಗೈಯಿಂದ ಸಮ ಮಾಡಿದರು.

"ನನಗ ಕಣ್ಣಿಲ್ಲ, ನಿನಗ ಅಕ್ಷರ ಇಲ್ಲ. ಬಲಗೈ ಬೆರಳು ಕೊಡು."

ಐದು ವರ್ಷದ ಮಕ್ಕಳಿಗೆ ಅಕ್ಕಿಯಲ್ಲಿ ತಿದ್ದಿಸುವ ಹಾಗೆ ಅವಳ ಬೆರಳು ಹಿಡಿದು ತಿದ್ದಿಸಿದರು. ಓಂ. ಸುತ್ತು, ಬಳುಕು, ಮತ್ತೆ ಸುತ್ತು. ನ. ಮ, ಪಕ್ಕದಲ್ಲಿ ಎರಡು ಸೊನ್ನೆ. ಶಿ. ವಾ. ಯ. ಅಳಿಸಿ ಮತ್ತೆ. ಅಳಿಸಿ ಮತ್ತೆ. ಏಳನೆಯ ಸಲ ಅವರು ಕೈ ಬಿಟ್ಟರು. ಅವಳ ಬೆರಳು ತಾನೇ ಹೋಯಿತು.

"ಕುಣಿ ತೋಡಿ ಸಿದ್ಧ ಆಗೇತ್ರೆಪಾ," ಎಂದು ಮುಂದಿನ ಬಾಗಿಲಿನಿಂದ ಅಮೀನಪ್ಪ ಕೂಗಿದ. "ಹೊತ್ತು ಮುಳುಗೂದರಾಗ ಮುಗಸ್ಬೇಕು."

ಅವಳು ಅಪ್ಪನ ಬಣ್ಣದ ಡಬ್ಬಿ ತೆರೆದು ಬರೆಯಲು ಕೂತಳು. ಒಂದು ತಗಡು, ಇನ್ನೊಂದು ತಗಡು. ಬೆನ್ನು ಸೋತಿತು, ಕಣ್ಣು ಉರಿದವು. ಹತ್ತಾಗುವ ಹೊತ್ತಿಗೆ ಅವು ಅವಳಿಗೆ ಮಂತ್ರವೂ ಆಗಿರಲಿಲ್ಲ, ಅಕ್ಷರವೂ ಆಗಿರಲಿಲ್ಲ, ಬರೀ ಗೆರೆ. ಅಪ್ಪ ಜೀವಮಾನವೆಲ್ಲ ಇಂಗ್ಲಿಷನ್ನು ಹೀಗೇ ಬರೆದಿದ್ದನಲ್ಲ, ಒಂದೂ ಓದಲಾರದೆ, ಒಂದು ಗೆರೆ ತಪ್ಪಿದರೆ ಯಾರು ನಗುತ್ತಾರೋ ಎಂಬ ಅಂಜಿಕೆಯಲ್ಲಿ. ಅದು ಹೊಳೆದಾಗ ಅವಳ ಕೈ ನಿಂತಿತು. ಮೊದಲು ಬರೆದ ತಗಡಿನ ಅಕ್ಷರಗಳು ಡೊಂಕಾಗಿದ್ದವು. ಆ ತಗಡನ್ನು ಒರೆಸಿಟ್ಟು, ಉಳಿದವು ಬಿಸಿಲಿಗೆ ಒಣಗಿದ ಮೇಲೆ ಕೊನೆಗೆ ಅದನ್ನು ಮತ್ತೆ ಬರೆದಳು.

ಅಮೀನಪ್ಪನ ಲಾರಿಯಲ್ಲೇ ಶಂಕರಲಿಂಗನನ್ನು ಒಯ್ದರು. ಇಪ್ಪತ್ತು ತಗಡು ತಟ್ಟೆಯಲ್ಲಿದ್ದವು. ಹಸಿ ಇದ್ದ ಕೊನೆಯದನ್ನು ಜಯಶ್ರೀ ಎಡ ಅಂಗೈ ಮೇಲೆ ಇಟ್ಟುಕೊಂಡಿದ್ದಳು. ತಿರುವಿನಲ್ಲಿ ಲಾರಿ ಎತ್ತಿಹಾಕಿತು. ಮಗುಚಿ ಬೀಳುತ್ತಿದ್ದ ತಗಡನ್ನು ಅವಳು ಗಪ್ಪನೆ ಎಡ ಮುಷ್ಟಿಯಲ್ಲಿ ಹಿಡಿದಳು.

ಕುಣಿಯ ಅಂಚಿನಲ್ಲಿ ಅಡಿವೆಯ್ಯ ಒಂದೊಂದೇ ತಗಡನ್ನು ಬೆರಳಿನಿಂದ ಸವರಿ ಒಳಗೆ ಕೊಡುತ್ತಿದ್ದರು. ಕೊನೆಯದು ಅವರ ಬೆರಳಿಗೆ ಅಂಟಿತು.

"ಹಸಿ ಐತಲ್ಲವ್ವ."

"ಹೌದ್ರಿ. ಅಳಿಸಿತೇನೋ."

"ಇರ್ಲಿ ಬಿಡು. ಮಣ್ಣಾಗ ಒಣಗತೈತಿ."

*

ಮನೆಗೆ ಬಂದು ಸ್ನಾನಕ್ಕೆ ಕೂತಾಗ ಕತ್ತಲಾಗುತ್ತ ಬಂದಿತ್ತು. ಪಕ್ಕದ ಮನೆಯ ಹಜರತಬಿ ನೀರು ಕಾಯಿಸಿಟ್ಟು, ಎಲ್ಲರಿಗೂ ಅನ್ನ ಸಾರು ಮಾಡಿ ಕಳಿಸಿದ್ದಳು. ನೀಲವ್ವ ಮಗಳ ಕೈ ನೋಡಿದಳು.

"ಬಣ್ಣ ನೀರಿಗೆ ಹೋಗಂಗಿಲ್ಲ. ನಿಮ್ಮಪ್ಪಗ ದಿನಾ ನಾನs ತಿಕ್ಕತಿದ್ದೆ," ಎಂದು ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ತಂದು ಎದುರು ಕೂತಳು. "ತಾ."

ಜಯಶ್ರೀ ಬಲಗೈ ಚಾಚಿದಳು. ನೀಲವ್ವ ಒಂದೊಂದೇ ಬೆರಳು ಹಿಡಿದು, ಉಗುರಿನ ಸಂದು ಬಿಡದೆ, ಕೆಂಪು ಹೋಗುವವರೆಗೆ ತಿಕ್ಕಿದಳು.

"ಇನ್ನೊಂದು ಕೊಡವ್ವಾ."

ಎಡ ಅಂಗೈಯಲ್ಲಿ ಆ ಕೊನೆಯ ತಗಡಿನ ಅಕ್ಷರಗಳು ಬಲದಿಂದ ಎಡಕ್ಕೆ ತಿರುಗಿ ಮೂಡಿದ್ದವು. ಜಯಶ್ರೀ ಬೆರಳು ಮಡಚಿ ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು. ಎಣ್ಣೆ ಅರಿವೆ ಹಿಡಿದ ನೀಲವ್ವನ ಕೈ ಹಾಗೇ ಚಾಚಿಕೊಂಡಿತ್ತು.